ಪುಪುಸ: ನೆಲ ಕಳೆದುಕೊಂಡವರ ರೊಟ್ಟಿ

2005ರ ಏಪ್ರಿಲ್ ತಿಂಗಳಲ್ಲಿ ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ ದೇಶದ ಶಾಸನಸಭೆ ಒಂದು ರೊಟ್ಟಿಯ ಸಲುವಾಗಿ ಕಾನೂನು ಮಾಡಿತು. ಪುಪುಸ ಎಂಬ ಆ ರೊಟ್ಟಿ ಇನ್ನು ಮುಂದೆ ದೇಶದ ರಾಷ್ಟ್ರೀಯ ಖಾದ್ಯ, ಪ್ರತಿ ವರ್ಷ ನವೆಂಬರಿನ ಎರಡನೇ ಭಾನುವಾರ ಅದರ ಹೆಸರಿನ ರಾಷ್ಟ್ರೀಯ ದಿನ ಎಂದು ಸಭೆ ಗೊತ್ತುಮಾಡಿತು. ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಕುದಿಸಿ, ಸಿಪ್ಪೆ ಬಿಡಿಸಿ, ತೊಳೆದು, ರುಬ್ಬಿ ಮಾಡಿದ ಹಿಟ್ಟು ಇದರ ಕಣಕ. ಅಂಗೈಯಲ್ಲಿ ಉಂಡೆ ಹಿಡಿದು, ನಡುವೆ ಹೆಬ್ಬೆರಳಿನಿಂದ ಗುಳಿ ಮಾಡಿ, ಅರೆದ ಹುರುಳಿಕಾಯಿ ಬೀಜವನ್ನೋ ಗಿಣ್ಣನ್ನೋ ಹುರಿದು ರುಬ್ಬಿದ ಹಂದಿಮಾಂಸವನ್ನೋ ಅಥವಾ ಈ ಮೂರನ್ನೂ ಕಲಸಿಯೋ ಒಳಗಿಟ್ಟು, ಬಾಯಿ ಮುಚ್ಚಿ, ಎರಡೂ ಕೈಗಳ ನಡುವೆ ತಿರುಗಿಸುತ್ತ ತಟ್ಟಿ ಕಾದ ಹಂಚಿನ ಮೇಲೆ ಹಾಕುತ್ತಾರೆ. ಹೋಳಿಗೆ ಬಲ್ಲ ಕನ್ನಡಿಗರಿಗೆ ಹೂರಣ ತುಂಬುವ ಈ ಕೈಚಳಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಇದು ಸಿಹಿಯಲ್ಲ, ಹೋಳಿಗೆಯಷ್ಟು ತೆಳುವೂ ಅಲ್ಲ. ಬೆರಳ ದಪ್ಪದ ಈ ರೊಟ್ಟಿಯನ್ನು ಎಲೆಕೋಸು, ಗಜ್ಜರಿಗಳನ್ನು ಹುಳಿಯಲ್ಲಿ ನೆನೆಸಿದ ಕುರ್ತಿದೊ ಎಂಬ ಉಪ್ಪಿನಕಾಯಿ ಮತ್ತು ತೆಳು ಟೊಮೆಟೊ ಸಾರಿನ ಜೊತೆ ಕೈಯಿಂದಲೇ ಮುರಿದು ತಿನ್ನುತ್ತಾರೆ.

ಇಂಥ ರೊಟ್ಟಿ ಒಂದು ದೇಶದ ಗುರುತಾದದ್ದು ಹೇಗೆ? ಸಾಲ್ವಡಾರ್‌ನ ಪ್ರವಾಸಿ ಕೈಪಿಡಿಗಳೂ ಹೋಟೆಲುಗಳ ಗೋಡೆಬರಹಗಳೂ ಹೇಳುವ ಉತ್ತರ ಒಂದೇ: ಇದು ಎರಡು ಸಾವಿರ ವರ್ಷಗಳಷ್ಟು ಹಳೆಯದು, ನಮ್ಮ ಮೂಲನಿವಾಸಿಗಳದು, ಆದ್ದರಿಂದ ನಮ್ಮದು. ಈ ಉತ್ತರದಲ್ಲಿ ಅಭಿಮಾನವಿದೆ, ಆದರೆ ಇತಿಹಾಸ ಕಡಿಮೆ. ದೊರೆತ ಪುರಾವೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಬೇರೊಂದು ಕಥೆ ಕಾಣುತ್ತದೆ. ಪುಪುಸ ಪ್ರಾಚೀನವಾಗಿದ್ದರಿಂದ ರಾಷ್ಟ್ರೀಯವಾಗಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಇಪ್ಪತ್ತನೆಯ ಶತಮಾನದ ಕೊನೆಯವರೆಗೆ ಈ ದೇಶದ ಬಡವರು ಮೊದಲು ತಮ್ಮ ನೆಲದಿಂದ, ಆಮೇಲೆ ತಮ್ಮ ಭಾಷೆಯಿಂದ, ಕೊನೆಗೆ ತಮ್ಮ ದೇಶದಿಂದಲೇ ಕಿತ್ತುಹೋದರು. ಹಾಗೆ ಹೊರಟವರು, ಅವರಲ್ಲೂ ಹೆಂಗಸರು, ಹೋದಲ್ಲೆಲ್ಲ ಹಂಚು ಹೂಡಿದ್ದರಿಂದ ಪುಪುಸ ರಾಷ್ಟ್ರೀಯವಾಯಿತು. ಈ ಲೇಖನದ ವಾದ ಇಷ್ಟೇ. ಇದಕ್ಕೆ ಎದುರಾಗುವ ಆಕ್ಷೇಪಗಳು ಹಗುರವಾದವಲ್ಲವಾದ್ದರಿಂದ ಅವನ್ನೂ ನೋಡುತ್ತ ಹೋಗಬೇಕು.

ಮೊದಲು ಹೆಸರನ್ನೇ ತೆಗೆದುಕೊಳ್ಳೋಣ. ಜಗತ್ತು ಇಂದು ಈ ಬಗೆಯ ರೊಟ್ಟಿಗಳಲ್ಲಿ ಹಲವನ್ನು ಸ್ಪ್ಯಾನಿಷ್ ಹೆಸರುಗಳಿಂದಲೇ ಅರಿಯುತ್ತದೆ. ಟೋರ್ಟಿಯಾ ಎಂಬ ಸ್ಪ್ಯಾನಿಷ್ ಪದಕ್ಕೆ ‘ಪುಟ್ಟ ಕೇಕು’ ಎಂದಷ್ಟೇ ಮೂಲಾರ್ಥ. ಸ್ಪೇನಿನಲ್ಲಿ ಇವತ್ತಿಗೂ ಟೋರ್ಟಿಯಾ ಎಂದರೆ ಮೊಟ್ಟೆಯ ದೋಸೆ. ಮೆಕ್ಸಿಕೊದ ಜನ ತಮ್ಮ ರೊಟ್ಟಿಯನ್ನು ನಾವಾತ್ಲ್ ಭಾಷೆಯಲ್ಲಿ ತ್ಲಾಶ್ಕಾಲಿ ಎನ್ನುತ್ತಿದ್ದರು. ಹದಿನಾರನೆಯ ಶತಮಾನದ ಪಾದ್ರಿ ಅಲೊನ್ಸೊ ದೆ ಮೊಲಿನಾ ತನ್ನ ನಿಘಂಟಿನಲ್ಲಿ ಅದಕ್ಕೆ ಮೆಕ್ಕೆಜೋಳದ ಟೋರ್ಟಿಯಾ ಎಂದೂ, ಒಟ್ಟಾರೆ ರೊಟ್ಟಿ ಎಂದೂ ಅರ್ಥ ಬರೆದ. ಹೊಸದನ್ನು ಕಂಡವರು ತಮ್ಮಲ್ಲಿರುವ ಹಳೆಯ ಹೆಸರನ್ನೇ ಅದಕ್ಕೆ ಅಂಟಿಸುವುದು ಎಲ್ಲ ಕಡೆಯೂ ನಡೆಯುವಂಥದ್ದು. ಅಮೆರಿಕದಿಂದ ಬಂದ ಇದೇ ಧಾನ್ಯವನ್ನು ನಾವು ನಮ್ಮ ಹಳೆಯ ಜೋಳದ ಲೆಕ್ಕಕ್ಕೆ ಸೇರಿಸಿ ಮೆಕ್ಕೆಜೋಳ, ಮುಸುಕಿನ ಜೋಳ, ಗೋವಿನ ಜೋಳ ಎಂದು ಕರೆದೆವು. ದಪ್ಪ ರೊಟ್ಟಿಯ ಹೊಟ್ಟೆ ಸೀಳಿ ಪಲ್ಯ ತುಂಬುವ ಮೆಕ್ಸಿಕೊದ ತಿನಿಸಿಗೆ ಗೊರ್ದಿತ ಎಂಬ ಹೆಸರು ಬಂತು. ‘ದಪ್ಪಗಿನ ಪುಟ್ಟಿ’ ಎಂದು ಅದರ ಅರ್ಥ, ಅಪ್ಪಟ ಸ್ಪ್ಯಾನಿಷ್ ಪದ. ವೆನೆಜುಎಲ, ಕೊಲಂಬಿಯಗಳ ಅರೇಪ ಎಂಬ ಹೆಸರು ಅಲ್ಲಿನ ಮೂಲನಿವಾಸಿಗಳ ಭಾಷೆಯಿಂದ ಬಂದದ್ದು. ಅದರ ಹಿಟ್ಟಿಗೆ ಸಾಮಾನ್ಯವಾಗಿ ಸುಣ್ಣ ಹಾಕುವುದಿಲ್ಲ, ಆದ್ದರಿಂದ ಅದು ನೋಡಲು ಪುಪುಸದ ತಂಗಿಯಂತಿದ್ದರೂ ಬೇರೆ ಮನೆತನದ್ದು. ಪುಪುಸವೂ ಸ್ಪ್ಯಾನಿಷ್ ನಿಘಂಟಿನಲ್ಲಿ ಕೂತಿರುವ ಪರದೇಶಿ ಪದ. ವಿದ್ವಾಂಸರಲ್ಲಿ ಹೆಚ್ಚಿನವರು ಅದನ್ನು ಪಶ್ಚಿಮ ಎಲ್ ಸಾಲ್ವಡಾರ್‌ನ ಪಿಪಿಲ್ ಜನರ ನಾವಾತ್ ಭಾಷೆಗೆ, ಅದರಲ್ಲಿ ‘ಉಬ್ಬು’ ಎಂಬ ಅರ್ಥದ ಮಾತಿಗೆ ಜೋಡಿಸುತ್ತಾರೆ. ಹಂಚಿನ ಮೇಲೆ ಉಬ್ಬುವ ರೊಟ್ಟಿಗೆ ಒಪ್ಪುವ ಹೆಸರು. ನಾವಾತ್ ಎಂಬುದು ಮೆಕ್ಸಿಕೊದ ನಾವಾತ್ಲ್ ಭಾಷೆಯ ಒಡಹುಟ್ಟು. ಅಲ್ಲಿನ ‘ತ್ಲ್’ ಇಲ್ಲಿ ಬರಿಯ ‘ತ್’ ಆಗಿ ಉಳಿಯಿತು ಎಂಬುದು ಎರಡು ಹೆಸರುಗಳಲ್ಲೇ ಕಾಣುತ್ತದೆ.

ಹೆಸರು ಪಿಪಿಲರದಾದರೆ ತಿನಿಸೂ ಅವರದೇ ಅಲ್ಲವೇ, ಸ್ಪ್ಯಾನಿಷರು ಬರುವ ಮೊದಲಿನದೇ ಅಲ್ಲವೇ ಎಂಬುದು ಮೊದಲ ಆಕ್ಷೇಪ. ಮೇಲುನೋಟಕ್ಕೆ ಇದು ಸರಿ. ಆದರೆ ಪದದ ವಯಸ್ಸೇ ಬೇರೆ, ವಸ್ತುವಿನ ವಯಸ್ಸೇ ಬೇರೆ. ಇದಕ್ಕೆ ಸಾಕ್ಷಿಯನ್ನು ದೂರ ಹುಡುಕಬೇಕಾಗಿಲ್ಲ. ಮೆಣಸು ಎಂಬುದು ಕನ್ನಡದ ಹಳೆಯ ಮಾತು. ಮೆಣಸಿನಕಾಯಿ ಮಾತ್ರ ಪೋರ್ಚುಗೀಸರ ಕಾಲದಲ್ಲಿ ಅಮೆರಿಕದಿಂದ ಬಂದ ಬೆಳೆ. ಮೆಣಸಿನಕಾಯಿ ಎಂಬ ಹೆಸರಿನಲ್ಲಿ ಕನ್ನಡದ ಹಳೆಯ ಪದವಿದೆ ಎಂದು ಆ ಕಾಯಿ ಕದಂಬರ ಕಾಲದಲ್ಲೇ ಇತ್ತು ಎನ್ನಲಾದೀತೇ? ‘ಉಬ್ಬಿದ್ದು’ ಎಂಬ ನಾವಾತ್ ಮಾತು ಎಷ್ಟೇ ಹಳೆಯದಾಗಿರಲಿ, ಅದನ್ನು ಹೂರಣ ತುಂಬಿದ ಈ ರೊಟ್ಟಿಗೆ ಯಾರು, ಯಾವಾಗ ಅನ್ವಯಿಸಿದರೆಂಬುದನ್ನು ಪದವೊಂದೇ ಹೇಳಲಾರದು. ನಾವಾತ್ ಮಾತಾಡುವ ಜನ ಹದಿನಾರನೆಯ ಶತಮಾನದಲ್ಲೂ ಇದ್ದರು, ಹತ್ತೊಂಬತ್ತರಲ್ಲೂ ಇದ್ದರು. ಈ ಮೂರು ನಾಲ್ಕು ನೂರು ವರ್ಷಗಳಲ್ಲಿ ಯಾವಾಗ ಬೇಕಾದರೂ ಅವರು ಹೊಸ ತಿನಿಸಿಗೆ ತಮ್ಮ ಹೆಸರಿಟ್ಟಿರಬಹುದು.

ಪ್ರಾಚೀನತೆಯ ವಾದ ಆಧರಿಸುವ ಇನ್ನೊಂದು ಕಂಬ ಹೋಯಾ ದೆ ಸೆರೆನ್. 1976ರಲ್ಲಿ ಧಾನ್ಯದ ಉಗ್ರಾಣ ಕಟ್ಟಲು ಬುಲ್ಡೋಜರ್ ನೆಲ ಮಟ್ಟ ಮಾಡುತ್ತಿದ್ದಾಗ ಬೂದಿಯ ಪದರದಡಿ ಒಂದು ಮನೆ ಸಿಕ್ಕಿತು. 1978ರಿಂದ ಕೊಲರಾಡೊ ವಿಶ್ವವಿದ್ಯಾಲಯದ ಪೇಯ್ಸನ್ ಶೀಟ್ಸ್ ಅಲ್ಲಿ ಅಗೆತ ನಡೆಸಿದರು. ಸುಮಾರು ಕ್ರಿ.ಶ. 600ರ ಹೊತ್ತಿಗೆ ಲೋಮ ಕಾಲ್ದೇರ ಎಂಬ ಜ್ವಾಲಾಮುಖಿ ಸಿಡಿದು ಇಡೀ ಒಂದು ರೈತರ ಹಳ್ಳಿಯನ್ನು ಹಲವು ಮೀಟರ್ ಬೂದಿಯಲ್ಲಿ ಹೂತುಹಾಕಿತ್ತು. ಜನ ತಪ್ಪಿಸಿಕೊಂಡಂತೆ ತೋರುತ್ತದೆ, ಆದರೆ ಮಡಕೆ, ಬೀಸುವ ಕಲ್ಲು, ಹುರುಳಿಕಾಯಿ ಬೀಜ, ಮೆಣಸಿನಕಾಯಿ, ಹೊಲದಲ್ಲಿ ನಿಂತ ಮೆಕ್ಕೆಜೋಳದ ದಂಟು, ಎಲ್ಲವೂ ಇದ್ದಲ್ಲಿಯೇ ಉಳಿದವು. 1993ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ಅರಮನೆ, ಪಿರಮಿಡ್ಡುಗಳ ಇತಿಹಾಸವೇ ತುಂಬಿದ್ದ ಆ ಪ್ರದೇಶದಲ್ಲಿ ಸಾಮಾನ್ಯ ರೈತನ ಮನೆಯೊಳಗೆ ಇಣುಕಲು ಸಿಕ್ಕಿದ್ದು ಅಪೂರ್ವವೇ ಸರಿ. ಇಲ್ಲಿ ಪುಪುಸ ಮಾಡುವ ಸಾಧನಗಳು ಸಿಕ್ಕಿವೆ ಎಂಬ ಮಾತು ಎಷ್ಟು ಸಲ ಅಚ್ಚಾಗಿದೆಯೋ ಲೆಕ್ಕವಿಲ್ಲ. ಸಿಕ್ಕಿದ್ದು ಮೆಕ್ಕೆಜೋಳ ತಿನ್ನುವವರೆಲ್ಲ ಬಳಸುವ ಕಲ್ಲು, ಮಡಕೆಗಳು. ಆ ಕಾಲದ ಮಾಯಾ ಸೀಮೆಯ ಚಿತ್ರಗಳಲ್ಲೂ ಬರಹಗಳಲ್ಲೂ ಮೆಕ್ಕೆಜೋಳ ಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದ ತಮಾಲೆಯ ರೂಪದಲ್ಲಿ ಕಾಣುತ್ತದೆಯೇ ಹೊರತು ಹಂಚಿನ ರೊಟ್ಟಿಯಾಗಿ ಅಲ್ಲ. ನಮ್ಮ ಕಡೆ ಬಾಳೆಲೆಯಲ್ಲೋ ಅರಿಸಿನದೆಲೆಯಲ್ಲೋ ಕಡುಬು ಬೇಯಿಸುವ ರೀತಿಗೆ ಅದು ಹತ್ತಿರ. ಇನ್ನೊಂದು ಮುಖ್ಯ ತೊಡಕೂ ಇದೆ. ಸೆರೆನ್ ಬೂದಿಯಡಿ ಹೋದಾಗ ಪಿಪಿಲರು ಇನ್ನೂ ಈ ನೆಲಕ್ಕೆ ಬಂದೇ ಇರಲಿಲ್ಲ. ಮೆಕ್ಸಿಕೊ ಕಡೆಯಿಂದ ಅವರ ವಲಸೆ ಅಲೆ ಅಲೆಯಾಗಿ ನಡೆದದ್ದು ಅದಾದ ಶತಮಾನಗಳ ನಂತರ. ನಾವಾತ್ ಹೆಸರನ್ನೂ ಸೆರೆನ್‌ನ ವಯಸ್ಸನ್ನೂ ಒಟ್ಟಿಗೆ ಹೇಳಿಕೊಳ್ಳಲು ಬರುವುದಿಲ್ಲ.

ಮೂರನೆಯ ಕಂಬ ಫ್ರಾನ್ಸಿಸ್ಕನ್ ಪಾದ್ರಿ ಬೆರ್ನಾರ್ದಿನೊ ದೆ ಸಾಹಗುನ್. ಮಾಂಸ, ಕಾಳು ತುಂಬಿದ ಮೆಕ್ಕೆಜೋಳದ ತಿನಿಸನ್ನು ಅವನು ಹದಿನಾರನೆಯ ಶತಮಾನದಲ್ಲಿ ವರ್ಣಿಸಿದ್ದಾನೆ, ಅದೇ ಪುಪುಸ ಎನ್ನುವವರಿದ್ದಾರೆ. ಸಾಹಗುನ್ ದೊಡ್ಡ ವಿದ್ವಾಂಸ. ಮಾರುಕಟ್ಟೆಯಲ್ಲಿ ರೊಟ್ಟಿ ಮಾರುವವರು ಏನೇನು ಬಗೆಯದನ್ನು ಮಾರುತ್ತಿದ್ದರೆಂದು ಅವನ ಗ್ರಂಥ ಉದ್ದುದ್ದ ಪಟ್ಟಿ ಕೊಡುತ್ತದೆ. ಆದರೆ 1529ರಲ್ಲಿ ಅಮೆರಿಕಕ್ಕೆ ಬಂದವನು 1590ರಲ್ಲಿ ಸಾಯುವವರೆಗೂ ಕೆಲಸ ಮಾಡಿದ್ದು ಮೆಕ್ಸಿಕೊದ ನಡುನಾಡಿನಲ್ಲಿ. ಅವನು ಬರೆದದ್ದು ಅಲ್ಲಿನ ಅಡುಗೆಯನ್ನು. ಹಾಗೆಂದು ಅವನ ಸಾಕ್ಷ್ಯವನ್ನು ಎಸೆಯುವಂತಿಲ್ಲ. ಕಣಕದೊಳಗೆ ಕಾಳು ತುಂಬುವ ಕ್ರಮ ನಾವಾತ್ಲ್ ಮಾತಾಡುವ ನಾವಾ ಜನರಲ್ಲಿ ಸ್ಪ್ಯಾನಿಷರಿಗಿಂತ ಹಿಂದಿನದು ಎಂಬುದಕ್ಕೆ ಅದು ಬಲ ಕೊಡುತ್ತದೆ. ಮೆಕ್ಸಿಕೊದಲ್ಲಿ ಇಂದಿಗೂ ಉಳಿದಿರುವ ತ್ಲಾಕೋಯೊ ಎಂಬ ಕಾಳು ತುಂಬಿದ ಉದ್ದುದ್ದ ರೊಟ್ಟಿ ಅದೇ ಕುಲದ್ದು. ಆದ್ದರಿಂದ ವಿದ್ಯೆ ಹಳೆಯದು, ಒಂದು ದೇಶದ ಗಡಿಗಿಂತ ವಿಶಾಲವಾದದ್ದು ಎಂದು ಒಪ್ಪಲು ನನಗೆ ಅಡ್ಡಿಯಿಲ್ಲ. ಒಪ್ಪಲಾಗದ್ದು, ಇಂದಿನ ಪುಪುಸವನ್ನು ಹಾಗೆಯೇ ಹಿಂದಕ್ಕೆ ಒಯ್ದು ಕೂರಿಸುವುದು. ಅದರ ಹೂರಣ ಬಿಚ್ಚಿ ನೋಡಿ. ಗಿಣ್ಣು ಹಸುವಿನದು, ಹಂದಿ ಸ್ಪೇನಿನದು, ಕುರ್ತಿದೊದ ಎಲೆಕೋಸು, ಗಜ್ಜರಿ, ವಿನೆಗರ್ ಎಲ್ಲವೂ ಹಡಗಿನಲ್ಲಿ ಬಂದವು. ರಾಜಧಾನಿ ಸಾನ್ ಸಾಲ್ವಡಾರ್ ನಗರದ ಆಗ್ನೇಯಕ್ಕಿರುವ ಓಲೋಕುಯಿಲ್ತಾದ ಪ್ರಸಿದ್ಧ ಪುಪುಸದ ಕಣಕವಂತೂ ಮೆಕ್ಕೆಜೋಳವೇ ಅಲ್ಲ, ಅಕ್ಕಿ. ಅಕ್ಕಿ ನಮ್ಮ ಏಷ್ಯಾದ ಧಾನ್ಯ. ಆ ನೆಲದ ಹಳೆಯ ಹೂರಣಗಳೆಂದರೆ ಹುರುಳಿಕಾಯಿ ಬೀಜ, ಲೊರೋಕೊ ಎಂಬ ಬಳ್ಳಿಯ ಮೊಗ್ಗಿನಂಥ ಕೆಲವು ಮಾತ್ರ.

ಹಾಗಾದರೆ ಪುಪುಸದಲ್ಲಿ ಮೂಲನಿವಾಸಿಗಳದ್ದು ಏನೂ ಇಲ್ಲವೆಂದೇ? ಹಾಗಲ್ಲ. ಅವರದ್ದು ಹೂರಣಕ್ಕಿಂತ ಹೆಚ್ಚಾಗಿ ಸುಣ್ಣದಲ್ಲಿದೆ. ನಾವಾತ್ಲ್ ಭಾಷೆಯಲ್ಲಿ ಬೂದಿ ಎಂಬ ಮಾತನ್ನೂ ಹಿಟ್ಟಿನ ಕಡುಬು ಎಂಬ ಮಾತನ್ನೂ ಕೂಡಿಸಿ ಮಾಡಿದ ನಿಶ್ತಮಾಲ್ ಎಂಬ ಪದ ಈ ಸಂಸ್ಕಾರದ ಹೆಸರು. ಸುಣ್ಣದಲ್ಲಿ ಕುದಿಸಿದರೆ ಮೆಕ್ಕೆಜೋಳದ ಸಿಪ್ಪೆ ಬಿಡುತ್ತದೆ, ಹಿಟ್ಟು ಒಡೆಯದೆ ಜಿಗಿಯಾಗುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ಕಾಳಿನೊಳಗೆ ಬಂದಿಯಾಗಿರುವ ನಯಾಸಿನ್ ಎಂಬ ಜೀವಸತ್ವ ದೇಹಕ್ಕೆ ದಕ್ಕುವಂತಾಗುತ್ತದೆ. ಯುರೋಪಿನವರು ಕಾಳನ್ನು ಕೊಂಡೊಯ್ದರು, ಸುಣ್ಣವನ್ನು ಬಿಟ್ಟುಹೋದರು. ಫಲವಾಗಿ 1735ರಲ್ಲಿ ಸ್ಪೇನಿನ ಅಸ್ತೂರಿಯಾಸ್‌ನಲ್ಲಿ ಗಾಸ್ಪರ್ ಕಸಾಲ್ ಎಂಬ ವೈದ್ಯ ಮೆಕ್ಕೆಜೋಳವನ್ನೇ ನಂಬಿದ ಬಡ ರೈತರಲ್ಲಿ ಚರ್ಮ ಬಿರಿಯುವ ವಿಚಿತ್ರ ರೋಗ ಕಂಡ. ಆಮೇಲೆ ಉತ್ತರ ಇಟಲಿಯಲ್ಲೂ, ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣದಲ್ಲೂ ಪೆಲಾಗ್ರ ಎಂಬ ಆ ರೋಗ ಸಾವಿರಾರು ಬಡವರನ್ನು ತಿಂದಿತು. ನಮ್ಮ ದಖ್ಖನ್ನಿನಲ್ಲಿ ಜೋಳವನ್ನೇ ನೆಚ್ಚಿದ ಕೂಲಿಕಾರರಲ್ಲೂ ಇದೇ ರೋಗವಿದ್ದುದನ್ನು 1960ರ ಸುಮಾರಿಗೆ ಹೈದರಾಬಾದಿನಲ್ಲಿ ಸಿ. ಗೋಪಾಲನ್ ಮತ್ತು ಸಂಗಡಿಗರು ಅಧ್ಯಯನ ಮಾಡಿದರು. ಮಧ್ಯ ಅಮೆರಿಕದ ಹೆಂಗಸರು ಸಾವಿರಾರು ವರ್ಷ ಈ ರೋಗವನ್ನು ತಮ್ಮ ಒಲೆಯ ಹತ್ತಿರ ಸುಳಿಯಗೊಡಲಿಲ್ಲ. ಇದು ಜಗತ್ತಿನ ಅಡುಗೆಯ ಇತಿಹಾಸದಲ್ಲಿ ಬಹುದೊಡ್ಡ ಶೋಧಗಳಲ್ಲೊಂದು. ಯಾವ ದೇಶದ ಮುದ್ರೆಯೂ ಅದರ ಮೇಲಿಲ್ಲ.

ಇನ್ನು ಕಥೆಯ ತಿರುಳಿಗೆ ಬರೋಣ. ಪೇದ್ರೊ ದೆ ಆಲ್ವರಾದೊ 1524ರಲ್ಲಿ ಪಿಪಿಲರ ಕುಸ್ಕತ್ಲಾನ್ ಸೀಮೆಗೆ ನುಗ್ಗಿದ ಮೇಲೆ ಮುನ್ನೂರು ವರ್ಷ ಕೊಕೊ, ನೀಲಿ ಬೆಳೆಗಳ ಆಳ್ವಿಕೆ. ಆ ಕಾಲದಲ್ಲೂ ಹಳ್ಳಿಗಳಿಗೆ ತಮ್ಮ ಸಾಮುದಾಯಿಕ ಜಮೀನು ಒಂದಷ್ಟು ಉಳಿದಿತ್ತು. ಅದನ್ನು ನುಂಗಿದ್ದು ಕಾಫಿ. ಕಾಫಿಗೆ ಬೇಕಾದದ್ದು ಜ್ವಾಲಾಮುಖಿಗಳ ತಂಪು ಇಳಿಜಾರು. ಮೂಲನಿವಾಸಿಗಳ ಹಳ್ಳಿಗಳಿದ್ದದ್ದೂ ಅಲ್ಲಿಯೇ. 1881 ಮತ್ತು 1882ರಲ್ಲಿ ಸರ್ಕಾರ ಎರಡು ಕಾನೂನುಗಳಿಂದ ಸಮುದಾಯದ ಜಮೀನನ್ನೂ ಊರ ಗೋಮಾಳದಂಥ ಸಾರ್ವಜನಿಕ ಜಮೀನನ್ನೂ ರದ್ದುಮಾಡಿತು. ಮೆಕ್ಕೆಜೋಳ, ಕಾಳು ಬೆಳೆದುಕೊಳ್ಳುತ್ತಿದ್ದ ಮನೆಗಳು ಒಂದೆರಡು ತಲೆಮಾರಿನೊಳಗೆ ತೋಟದ ಕೂಲಿಯಾದವು. ತೋಟದಲ್ಲಿ ಕೂಲಿಯ ಒಂದು ಭಾಗ ಊಟದ ರೂಪದಲ್ಲೇ ಸಿಗುತ್ತಿತ್ತು. ಚೆಂಗ ಎಂಬ ಅಗಲವಾದ ದಪ್ಪ ರೊಟ್ಟಿ, ಮೇಲೊಂದಿಷ್ಟು ಬೇಯಿಸಿದ ಕಾಳು. ಸಾಲ್ವಡಾರ್‌ನ ಹಳ್ಳಿಗರ ನೆನಪಿನಲ್ಲಿ ಚೆಂಗ ಎಂಬ ಮಾತಿಗೆ ಬಡತನದ ವಾಸನೆ ಇಂದಿಗೂ ಇದೆ. ಧಣಿ ಕೊಟ್ಟ ರೊಟ್ಟಿಯಲ್ಲಿ ಕಾಳು ಮೇಲೆ, ಮನೆಯವಳು ಬಿಡುವಿನಲ್ಲಿ ತಟ್ಟಿದ ರೊಟ್ಟಿಯಲ್ಲಿ ಕಾಳು ಒಳಗೆ. ಬೇಕಾದ ಸಾಮಗ್ರಿ ಎರಡಕ್ಕೂ ಒಂದೇ. ಕೂಲಿಯ ರೊಟ್ಟಿಯನ್ನು ಹಬ್ಬದ ರೊಟ್ಟಿಯನ್ನಾಗಿಸಿದ್ದು ಹೆಂಗಸಿನ ಕೈ ಎಂಬುದು ನನ್ನ ಊಹೆ. ಊಹೆ ಎಂದೇ ಇದನ್ನು ಮುಂದಿಡುತ್ತೇನೆ.

1929ರ ನಂತರ ಕಾಫಿಯ ಬೆಲೆ ಜಗತ್ತಿನ ಮಾರುಕಟ್ಟೆಯಲ್ಲಿ ಕುಸಿಯಿತು. ಕೂಲಿ ಇಳಿಯಿತು, ಕೆಲವು ತೋಟಗಳಲ್ಲಿ ಕೊಯ್ಲೇ ನಿಂತಿತು. 1931ರ ಡಿಸೆಂಬರಿನಲ್ಲಿ ಚುನಾಯಿತ ಅಧ್ಯಕ್ಷ ಅರ್ತೂರೊ ಅರೌಹೊ ಅವರನ್ನು ಸೈನ್ಯ ಕಿತ್ತೊಗೆದು, ಜನರಲ್ ಮಾಕ್ಸಿಮಿಲಿಯಾನೊ ಎರ್ನಾಂದೆಸ್ ಮಾರ್ತಿನೆಸ್ ಅಧಿಕಾರಕ್ಕೆ ಬಂದ. 1932ರ ಜನವರಿ 22ರ ರಾತ್ರಿ ಪಶ್ಚಿಮದ ಇಸಾಲ್ಕೊ, ಹುವಾಯುವಾ, ನಾವಿಸಾಲ್ಕೊ, ತಾಕುಬಾ ಊರುಗಳಲ್ಲಿ ಮಚ್ಚು ಹಿಡಿದ ರೈತರು ಎದ್ದರು. ಅವರಲ್ಲಿ ಬಹುಪಾಲು ನಾವಾತ್ ಮಾತಾಡುವ ಮೂಲನಿವಾಸಿಗಳು. ದಂಗೆ ಕೆಲವೇ ದಿನಗಳಲ್ಲಿ ಮುರಿಯಿತು. ದಂಗೆಕೋರರ ಕೈಯಲ್ಲಿ ಸತ್ತವರು ಸುಮಾರು ನೂರು. ಆದರೆ ಸೈನ್ಯದ ಸೇಡು ವಾರಗಟ್ಟಲೆ ನಡೆಯಿತು. ಸತ್ತವರ ಲೆಕ್ಕ ಹತ್ತು ಸಾವಿರದಿಂದ ನಲವತ್ತು ಸಾವಿರದವರೆಗೆ ಹೇಳಲಾಗುತ್ತದೆ. ಇಸಾಲ್ಕೊದ ಮೂಲನಿವಾಸಿ ಮುಖಂಡ ಫೆಲಿಸಿಯಾನೊ ಆಮಾ ಅವರನ್ನು ಊರ ನಡುವೆ ನೇಣಿಗೆ ಹಾಕಿದರು. ಕಮ್ಯುನಿಸ್ಟ್ ನಾಯಕ ಫಾರಾಬುಂದೊ ಮಾರ್ತಿ ಅವರನ್ನು ಫೆಬ್ರವರಿ 1ರಂದು ಗುಂಡಿಟ್ಟು ಕೊಂದರು. ಮೂಲನಿವಾಸಿಯ ಉಡುಗೆ, ಮುಖ, ಮಾತು ಯಾವುದಿದ್ದರೂ ಸಾವಿಗೆ ಕಾರಣವಾಗುತ್ತಿದ್ದ ದಿನಗಳು ಅವು. ಸಾಲ್ವಡಾರ್‌ನವರು ಅದನ್ನು ಲಾ ಮತಾನ್ಸ ಎನ್ನುತ್ತಾರೆ. ಕಗ್ಗೊಲೆ ಎಂದಷ್ಟೇ ಅರ್ಥ. ಬೇರೆ ವಿಶೇಷಣ ಬೇಕಾಗಲಿಲ್ಲ.

ಆ ವರ್ಷದ ನಂತರ ತಾಯಂದಿರು ಮಕ್ಕಳೊಡನೆ ನಾವಾತ್ ಮಾತಾಡುವುದನ್ನು ನಿಲ್ಲಿಸಿದರು. ಕಾನೂನು ಹೇಳಬೇಕಾಗಲಿಲ್ಲ, ಭಯವೇ ಸಾಕಾಯಿತು. ಕೊಲೆಗೂ ಮೊದಲೇ ಭಾಷೆ ಸೊರಗುತ್ತಿತ್ತು, ಎಲ್ಲವನ್ನೂ 1932ರ ತಲೆಗೆ ಕಟ್ಟಬಾರದು ಎನ್ನುವ ಇತಿಹಾಸಕಾರರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ತೋಟದ ಕೂಲಿ, ಶಾಲೆ, ಪೇಟೆ ಇವೆಲ್ಲ ಸ್ಪ್ಯಾನಿಷಿನ ಕಡೆಗೇ ಎಳೆಯುತ್ತಿದ್ದವು. ಆದರೆ ಸೊರಗುವುದು ಬೇರೆ, ಮನೆಯೊಳಗೇ ಬಾಯಿ ಮುಚ್ಚಿಕೊಳ್ಳುವುದು ಬೇರೆ. ಮಗುವಿನ ಮುಂದೆ ಅಜ್ಜಿ ತನ್ನ ಭಾಷೆಯನ್ನು ಬಚ್ಚಿಡಬೇಕಾಗಿ ಬಂದ ಊರಿನಲ್ಲಿ ಆ ಭಾಷೆ ಮತ್ತೊಂದು ತಲೆಮಾರು ಕಾಣುವುದಿಲ್ಲ. ಆಗ ಉಳಿದದ್ದು ಏನೆಂದರೆ, ಯಾರಿಗೂ ಅಪಾಯವೆನಿಸದ ಮಾತುಗಳು. ಹಂಚಿಗೆ ಕೊಮಾಲ್, ಬೀಸುವ ಕಲ್ಲಿಗೆ ಮೆತಾತೆ, ರೊಟ್ಟಿಗೆ ಪುಪುಸ. ಅಡುಗೆಮನೆಯ ಪದಗಳಲ್ಲಿ ದಂಗೆಯ ಸುಳಿವನ್ನು ಯಾವ ಸೈನಿಕನೂ ಹುಡುಕಲಿಲ್ಲ. ಸ್ಪ್ಯಾನಿಷ್ ನಿಘಂಟು ಪುಪುಸ ಎಂಬ ಪದವನ್ನು ತನ್ನದೆಂದು ಬರೆದುಕೊಳ್ಳುವಾಗ ಈ ದಾರಿಯನ್ನೂ ಓದುಗ ನೆನೆಯಬೇಕು.

ಇಷ್ಟಾದರೂ ಪುಪುಸ ಆಗ ಇಡೀ ದೇಶದ ತಿನಿಸಾಗಿರಲಿಲ್ಲ ಎಂಬುದು ನನ್ನ ವಾದಕ್ಕೆ ಅತಿ ಮುಖ್ಯ. 1940ರ ದಶಕದ ಕೊನೆಯವರೆಗೂ ಅದು ಹೆಚ್ಚಾಗಿ ದೇಶದ ನಡುಭಾಗದ ಕೆಸಾಲ್ತೆಪೆಕೆಯಂಥ ಊರುಗಳಿಗೂ ಉತ್ತರದ ಚಲಾತೆನಾಂಗೊ ಪ್ರಾಂತ್ಯಕ್ಕೂ ಸೀಮಿತವಾಗಿತ್ತು ಎಂದು ಅದರ ಚರಿತ್ರೆ ಬರೆದವರು ಹೇಳುತ್ತಾರೆ. ಎರಡು ಸಾವಿರ ವರ್ಷ ಇಡೀ ನಾಡಿನ ಆಹಾರವಾಗಿದ್ದ ತಿನಿಸು ಹೀಗೆ ಕೆಲವೇ ಊರುಗಳಲ್ಲಿ ನಿಂತಿರುತ್ತದೆಯೇ? ಅದು ಹರಡಿದ್ದು ಜನ ಚದುರಿದಾಗ. ಹತ್ತಿ, ಕಬ್ಬು, ಕಾಫಿಯ ತೋಟಗಳು ಬೆಳೆದಂತೆ ಜಮೀನಿಲ್ಲದವರು ಕೊಯ್ಲಿನ ಬೆನ್ನುಹತ್ತಿ ಊರೂರು ಅಲೆದರು, ಸಾನ್ ಸಾಲ್ವಡಾರ್‌ನ ಅಂಚಿನ ಕೊಳೆಗೇರಿಗಳಲ್ಲಿ ನೆಲೆಸಿದರು. ಗಂಡಸರಿಗೆ ಹಂಗಾಮಿ ಕೂಲಿ, ಹೆಂಗಸರಿಗೆ ಹಲವು ಸಲ ಅದೂ ಇಲ್ಲ. ಒಂದು ಹಂಚು, ಒಂದಿಷ್ಟು ಸೌದೆ, ಸುಣ್ಣದಲ್ಲಿ ಬೆಂದ ಮೆಕ್ಕೆಜೋಳ, ತಟ್ಟಲು ಎರಡು ಕೈ. ಇಷ್ಟು ಬಂಡವಾಳದಲ್ಲಿ ಸಂಜೆ ಹೊತ್ತು ಬೀದಿ ಬದಿಯಲ್ಲಿ ಕೂತರೆ ಮನೆ ನಡೆಯಿತು. ಮೋಟಾರಿನ ಗಿರಣಿಗಳು ಬಂದು ಮೆತಾತೆಯ ಮುಂದೆ ಮಂಡಿಯೂರಿ ಗಂಟೆಗಟ್ಟಲೆ ಅರೆಯುವ ಕೆಲಸ ತಪ್ಪಿದ್ದರಿಂದ ಮಾರುವಷ್ಟು ಹಿಟ್ಟು ಸಾಧ್ಯವಾಯಿತು. ಪುಪುಸೇರಾ ಎಂಬ ಕಸುಬಿನ ಹೆಸರು ಸ್ತ್ರೀಲಿಂಗದಲ್ಲಿರುವುದು ಆಕಸ್ಮಿಕವಲ್ಲ.

ಗಡಿಯಾಚೆಗೂ ಜನ ಹರಿದರು. ಸುಮಾರು 21,000 ಚದರ ಕಿಲೋಮೀಟರಿನ ಇಕ್ಕಟ್ಟಾದ ಎಲ್ ಸಾಲ್ವಡಾರ್‌ನಿಂದ, ಅದರ ಐದು ಪಟ್ಟು ದೊಡ್ಡದಾದ ಹೊಂಡುರಾಸ್‌ಗೆ 1960ರ ದಶಕದ ಕೊನೆಯ ಹೊತ್ತಿಗೆ ಸುಮಾರು ಮೂರು ಲಕ್ಷ ಜನ ಹೋಗಿ ಬೇಸಾಯಕ್ಕೆ ನಿಂತಿದ್ದರು. ಹೊಂಡುರಾಸ್ ತನ್ನ ಭೂಸುಧಾರಣೆಯಲ್ಲಿ ಇವರನ್ನು ಒಕ್ಕಲೆಬ್ಬಿಸತೊಡಗಿತು. 1969ರ ಜುಲೈ 14ರಿಂದ 18ರವರೆಗೆ ನಡೆದ ಯುದ್ಧವನ್ನು ಜಗತ್ತು ಫುಟ್ಬಾಲ್ ಯುದ್ಧವೆಂದು ಕರೆಯುತ್ತದೆ. ಹೆಸರು ಕೆಟ್ಟದ್ದು. ಎರಡು ದೇಶಗಳ ನಡುವಿನ ಚೆಂಡಿನ ಪಂದ್ಯ ನೆಪವಾಗಿತ್ತು, ಜಗಳ ನೆಲದ್ದು. ಸುಮಾರು ನೂರು ಗಂಟೆಗಳಲ್ಲಿ ಎರಡೂ ಕಡೆ ಸೇರಿ ಸಾವಿರಾರು ಜನ ಸತ್ತರು, ಹತ್ತಾರು ಸಾವಿರ ಸಾಲ್ವಡಾರಿಗರು ಗಂಟುಮೂಟೆ ಕಟ್ಟಿ ಹಿಂದಿರುಗಿದರು. ಹೊಂಡುರಾಸಿಗರು ಪುಪುಸ ನಮ್ಮದೂ ಹೌದು ಎನ್ನುವಾಗ ಸಾಲ್ವಡಾರಿಗರು ಸಿಡಿಮಿಡಿಗೊಳ್ಳುತ್ತಾರೆ. ಆದರೆ ಗಡಿಯ ಎರಡೂ ಬದಿ ನೂರಾರು ವರ್ಷ ಒಂದೇ ಹಿಟ್ಟು ಕಲಸಿದ ಜನ ಅವರು. ಒಂದೇ ಮನೆಯ ಅಕ್ಕತಂಗಿಯರು ಒಬ್ಬಳು ಈ ಕಡೆ, ಒಬ್ಬಳು ಆ ಕಡೆ ರೊಟ್ಟಿ ತಟ್ಟಿದ ಕಾಲದಲ್ಲಿ ಮೊದಲು ತಟ್ಟಿದವಳು ಯಾರು ಎಂಬ ಪ್ರಶ್ನೆಗೆ ಅರ್ಥವೇ ಇಲ್ಲ.

ನೆಲದ ಪ್ರಶ್ನೆ ಬಗೆಹರಿಯದೆ 1980ರಲ್ಲಿ ಅಂತರ್ಯುದ್ಧವಾಗಿ ಹೊತ್ತಿತು. 1992ರ ಜನವರಿ 16ರಂದು ಮೆಕ್ಸಿಕೊದ ಚಪುಲ್ತೆಪೆಕ್‌ನಲ್ಲಿ ಒಪ್ಪಂದವಾಗುವವರೆಗೆ ಸುಮಾರು 75,000 ಜನ ಸತ್ತರು. ಪುಪುಸದ ತವರುಗಳಲ್ಲೊಂದಾದ ಚಲಾತೆನಾಂಗೊ ಯುದ್ಧದ ಕೆಂಡವಾಗಿತ್ತು, ಅಲ್ಲಿನ ಹಳ್ಳಿಗಳು ಖಾಲಿಯಾದವು. ಲಕ್ಷಾಂತರ ಜನ ಮೆಕ್ಸಿಕೊ ದಾಟಿ ಲಾಸ್ ಏಂಜಲೀಸ್, ವಾಷಿಂಗ್ಟನ್, ಹ್ಯೂಸ್ಟನ್ ಸೇರಿದರು. ಕಾಗದಪತ್ರವಿಲ್ಲದ, ಇಂಗ್ಲಿಷ್ ಬಾರದ ಹೆಂಗಸು ಅಲ್ಲೂ ಹೂಡಬಹುದಾದ ಕಸುಬು ಹಂಚೇ. ಸುಣ್ಣದ ಸಂಸ್ಕಾರ ಮುಗಿಸಿ ಒಣಗಿಸಿದ ಹಿಟ್ಟನ್ನು 1949ರಿಂದ ಮೆಕ್ಸಿಕೊದ ಮಸೇಕ ಕಂಪನಿ ಚೀಲಗಳಲ್ಲಿ ಮಾರುತ್ತಿತ್ತು. ಆ ಚೀಲ ಅಮೆರಿಕದ ಅಂಗಡಿಗಳಲ್ಲೂ ಸಿಕ್ಕಿದ್ದರಿಂದ ಹಂಚು ಹೂಡುವುದು ಸುಲಭವಾಯಿತು. ಮನೆಯ ಹಿತ್ತಿಲಿನಲ್ಲಿ, ಚರ್ಚಿನ ಅಂಗಳದಲ್ಲಿ, ಆಮೇಲೆ ಬೋರ್ಡು ಹಾಕಿದ ಅಂಗಡಿಯಲ್ಲಿ ಪುಪುಸ ಬೆಂದಿತು. ಇಂದು ಅಮೆರಿಕದಲ್ಲಿ ಸಾಲ್ವಡಾರ್ ಮೂಲದವರು 20 ಲಕ್ಷಕ್ಕೂ ಹೆಚ್ಚು, ತವರಿನ ಜನಸಂಖ್ಯೆ ಸುಮಾರು 60 ಲಕ್ಷ. ಅವರು ಕಳಿಸುವ ಹಣ ದೇಶದ ಒಟ್ಟು ಉತ್ಪನ್ನದ ಐದನೆಯ ಒಂದು ಪಾಲಿಗೂ ಮಿಗಿಲು. ಊರಿನಲ್ಲಿ ಇದ್ದಾಗ ಒಬ್ಬ ಚಲಾತೆನಾಂಗೊದವನು, ಇನ್ನೊಬ್ಬ ಸೊನ್ಸೊನಾತೆಯವನು. ಪರದೇಶದಲ್ಲಿ, ಮೆಕ್ಸಿಕೊದವರ ದೊಡ್ಡ ಗುಂಪಿನ ಪಕ್ಕದಲ್ಲಿ, ತಾನು ಯಾರೆಂದು ಹೇಳಬೇಕಾಗಿ ಬಂದಾಗ ಇಬ್ಬರೂ ತೋರಿಸಿದ್ದು ಪುಪುಸವನ್ನು. ಟಾಕೊ ಅವರದು, ಪುಪುಸ ನಮ್ಮದು. ರಾಷ್ಟ್ರೀಯ ಖಾದ್ಯ ಹುಟ್ಟಿದ ಗಳಿಗೆ ಯಾವುದೆಂದು ಕೇಳಿದರೆ ನಾನು ತೋರಿಸುವುದು ಈ ಗಳಿಗೆಯನ್ನೇ. ಶಾಸನಸಭೆ ಕೈಯೆತ್ತುವುದಕ್ಕೆ ಇಪ್ಪತ್ತು ವರ್ಷ ಮೊದಲೇ ಅದು ನಿರ್ಧಾರವಾಗಿತ್ತು.

ಸಭೆ ಕೈಯೆತ್ತಿದ್ದಕ್ಕೂ ಹೊರಗಿನ ಜನವೇ ಕಾರಣ. ಅಮೆರಿಕದೊಡನೆ ಮಧ್ಯ ಅಮೆರಿಕದ ದೇಶಗಳು ಮುಕ್ತ ವ್ಯಾಪಾರದ ಒಪ್ಪಂದಕ್ಕೆ ಮಾತುಕತೆ ನಡೆಸಿದಾಗ ಪುಪುಸ ಯಾವ ದೇಶದ ಉತ್ಪನ್ನವೆಂದು ಎಲ್ ಸಾಲ್ವಡಾರ್, ಹೊಂಡುರಾಸ್‌ಗಳ ನಡುವೆ ತಕರಾರೆದ್ದು, ಹೊಂಡುರಾಸ್ ಹಿಂದೆ ಸರಿಯಿತೆಂದು ವರದಿಯಾಯಿತು. ತಣ್ಣಗೆ ಗಟ್ಟಿಮಾಡಿದ ಪುಪುಸವನ್ನು ಡಬ್ಬಿಗಳಲ್ಲಿ ಅಮೆರಿಕಕ್ಕೆ ರಫ್ತು ಮಾಡುವ ವ್ಯಾಪಾರ ಆಗಲೇ ಬೆಳೆದಿತ್ತು. ಕೊಳ್ಳುವವರು ಅಲ್ಲಿಗೆ ಹೋಗಿ ನೆಲೆಸಿದ್ದ ಮಕ್ಕಳು. ಎಲ್ ಸಾಲ್ವಡಾರ್‌ನಲ್ಲಿ ಒಪ್ಪಂದ ಜಾರಿಗೆ ಬಂದದ್ದು 2006ರ ಮಾರ್ಚ್ 1ರಂದು, ರಾಷ್ಟ್ರೀಯ ಖಾದ್ಯದ ಕಾನೂನು ಅದಕ್ಕೆ ಒಂದು ವರ್ಷ ಮೊದಲು. ಬಡ ದೇಶವೊಂದು ತನ್ನ ತಿನಿಸಿನ ಹೆಸರನ್ನು ಕಾಪಾಡಿಕೊಂಡರೆ ತಪ್ಪೇನು ಎಂದು ಯಾರಾದರೂ ಕೇಳಬಹುದು. ತಪ್ಪಿಲ್ಲ. ದೊಡ್ಡ ಕಂಪನಿಗಳು ಗೊರ್ದಿತ ಎಂಬ ಹೆಸರನ್ನೇ ಎತ್ತಿಕೊಂಡು ಮೂಲಕ್ಕೆ ಸಂಬಂಧವಿಲ್ಲದ ತಿನಿಸನ್ನು ಲೋಕಕ್ಕೆ ಮಾರುವ ಕಾಲದಲ್ಲಿ ಇಂಥ ಎಚ್ಚರ ಬೇಕು. ಆದರೆ ಹೆಸರನ್ನು ಕಾಯುವ ರಾಷ್ಟ್ರ ಆ ಹೆಸರು ಬಂದ ಭಾಷೆಯನ್ನು ಕಾಯಲಿಲ್ಲ. ಇದೇ ಶಾಸನಸಭೆಯ ಪೂರ್ವಿಕರು 1881ರಲ್ಲಿ ಆ ಭಾಷೆಯವರ ಜಮೀನನ್ನು ಕಿತ್ತುಕೊಂಡವರು. ನವೆಂಬರಿನ ಹಬ್ಬದಲ್ಲಿ ಸೆರೆನ್‌ನ ಬೂದಿಯನ್ನು ನೆನೆಯುವುದಕ್ಕಿಂತ 1932ರ ಇಸಾಲ್ಕೊವನ್ನೂ, ಬೀದಿ ಬದಿಯ ಪುಪುಸೇರಾಳನ್ನೂ ನೆನೆಯುವುದು ಹೆಚ್ಚು ನ್ಯಾಯ.

2007ರ ಜನಗಣತಿ ಇಡೀ ದೇಶದಲ್ಲಿ ಲೆಕ್ಕಹಾಕಿದ ನಾವಾತ್ ಭಾಷಿಕರು ನೂರಕ್ಕೂ ಕಡಿಮೆ. ಭಾಷಾತಜ್ಞರ ಅಂದಾಜು ಇನ್ನೂರರ ಆಸುಪಾಸು, ಬಹುತೇಕ ಎಲ್ಲರೂ ಮುದುಕರು, ಹೆಚ್ಚಿನವರು ಸಾಂತೊ ದೊಮಿಂಗೊ ದೆ ಗುಸ್ಮಾನ್ ಎಂಬ ಒಂದೇ ಊರಿನವರು. 2010ರಲ್ಲಿ ಆ ಊರಿನಲ್ಲಿ ಕೂನ ನಾವಾತ್ ಎಂಬ ಶಿಶುವಿಹಾರ ತೆರೆಯಿತು. ನಾಂತ್ಸಿನ್ ಎಂದು ಗೌರವದಿಂದ ಕರೆಸಿಕೊಳ್ಳುವ ಅಜ್ಜಿಯರು ಅಲ್ಲಿ ಮೂರರಿಂದ ಐದು ವರ್ಷದ ಮಕ್ಕಳೊಂದಿಗೆ ನಾವಾತ್‌ನಲ್ಲೇ ಮಾತಾಡುತ್ತಾರೆ.